ಹಗೇವಿನಲ್ಲಿಟ್ಟ ಜಮಾದಾರರ ಪೆಟ್ಟಿಗೆ

ನಿಂಬರ್ಗಾ, ತಾಲೂಕು ಆಳಂದ
ಆದಿತ್ಯವಾರ, ೨೮ ನವೆಂಬರ್ ೧೯೪೮

ಅಫಜಲಪುರದಲ್ಲಿ ಊರ ಸೇವೆಗೆ ನಿಂತು ಸ್ವಂತ ಮನೆಯ ದಾರಿ ಮರೆತಿರುವ ನಮ್ಮ ಯಜಮಾನರಿಗೆ ಸುಂದರಬಾಯಿ ಮಾಡುವ ಶರಣು ಶರಣಾರ್ಥಿಗಳು.

ಇಲ್ಲಿ ನಾವು ಸುಖವಾಗಿದ್ದೇವೆ. ಪತ್ರದಲ್ಲಿ ಬರೆಯಬೇಕಲ್ಲ ಎಂದು ಬರೆದ ಮಾತಲ್ಲ ಇದು, ನಿಜವಾಗಿಯೂ ಸುಖವಾಗಿದ್ದೇವೆ. ನಿಮ್ಮವ್ವನ ಮೊಣಕಾಲು ನೋವು ಇಳಿದಿದೆ, ಬಾಯಿಯ ಜೋರು ಇಳಿದಿಲ್ಲ. ಕರಿ ಎಮ್ಮೆ ಈದು ಹೆಣ್ಣುಗರು ಹಾಕಿದೆ. ತೊಗರಿ ಹೊಲ ಈ ವರ್ಷ ಎಂಥ ಹೂ ಹಿಡಿದಿದೆ ಎಂದರೆ, ಅದನ್ನು ನೋಡಿದರೆ ನೀವು ಒಂದು ಗಳಿಗೆಯೂ ಆ ಕಮಿಟಿಯ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ.

ರಜಾಕಾರರ ಕಾಟ ಮುಗಿಯಿತು, ನಿಜಾಮನ ವಿರುದ್ಧ ನೀವು ಸೇರಿದ್ದ ಸರಹದ್ದಿನ ಕ್ಯಾಂಪೂ ಮುಚ್ಚಿತು. ಕ್ಯಾಂಪಿಗೆ ಹೋದ ಗಂಡಂದಿರೆಲ್ಲರೂ ಮನೆ ಸೇರಿದರು. ನೀವು ಮಾತ್ರ ಸೊಲ್ಲಾಪುರದ ಕಡೆಯಿಂದ ಹೊರಟವರು ಅಫಜಲಪುರದಲ್ಲಿ ಗೂಟ ಹೊಡೆದುಕೊಂಡು ಕುಳಿತಿರಿ. ಕೆಲಸ ಬಹಳ ಎಂದು ಹೇಳಿಕಳಿಸುತ್ತೀರಿ. ನಾನು ನಂಬಿದಂತೆ ಮಾಡುತ್ತೇನೆ. ಮನೆಗೆ ಬಂದರೆ ನಿಮ್ಮಣ್ಣನ ಮಾತು ಬರುತ್ತದೆ, ಅದಕ್ಕೇ ನೀವು ಬರುತ್ತಿಲ್ಲ ಎಂದು ನಿಮ್ಮವ್ವನಿಗೂ ಗೊತ್ತು, ನನಗೂ ಗೊತ್ತು. ಹೋದ ವರ್ಷ ನೀವು ಮನೆ ಬಿಡುವ ಮುಂಚೆ "ಅವನ ಹೆಸರು ಈ ಮನಿಯಾಗ ಯಾರೂ ಎತ್ತಬ್ಯಾಡ್ರಿ" ಎಂದಿದ್ದಿರಿ. ಒಂದು ವರ್ಷ ಎತ್ತಲಿಲ್ಲ. ಇಂದು ಎತ್ತುತ್ತೇನೆ, ಸಿಟ್ಟು ಬಂದರೂ ಪತ್ರ ಹರಿಯದೆ ಕೊನೆತನಕ ಓದಿರಿ.

ಭಾವನವರನ್ನು ಕಲಬುರ್ಗಿಯ ಹೊರಗಿನ ದಂಡಿನ ಛಾವಣಿಯಲ್ಲಿ ಸೆರೆ ಇಟ್ಟಿದ್ದಾರೆ. ಸಪ್ಟಂಬರದಲ್ಲಿ ನಿಜಾಮನ ಫೌಜು ಶರಣಾದಾಗ ಅವರ ಪಲಟಣವೂ ಬಂದೂಕು ಕೆಳಗಿಟ್ಟಿತು. ಜೊತೆಯವರನ್ನೆಲ್ಲ ಮನೆಗೆ ಕಳಿಸಿದರು. ನಮ್ಮ ಜಮಾದಾರ ದೌಲತರಾಯರನ್ನು ಮಾತ್ರ ಬಿಡಲಿಲ್ಲ. ರಜಾಕಾರರ ಜೊತೆ ಕೂಡಿ ಹಳ್ಳಿ ಸುಲಿದರು ಎಂದು ಯಾರೋ ಹೆಸರಿಲ್ಲದ ಅರ್ಜಿ ಹಾಕಿದ್ದಾರೆ. ಬರುವ ಬೇಸ್ತವಾರದೊಳಗೆ ಎರಡು ಕೊಡಬೇಕಂತೆ. ಒಂದು, ಅವರ ಫೌಜಿನ ಕಾಗದಪತ್ರ. ಇನ್ನೊಂದು, ಸರಹದ್ದಿನ ಕ್ಯಾಂಪಿನಲ್ಲಿ ದುಡಿದ ಒಬ್ಬರು ಇವರ ನಡತೆಗೆ ಜಾಮೀನು ನಿಂತು ಮಾಡಿದ ಸಹಿ. ಎರಡೂ ಸಿಕ್ಕರೆ ಬಿಡುತ್ತಾರೆ, ಇಲ್ಲದಿದ್ದರೆ ಹೈದರಾಬಾದಿನ ಜೇಲಿಗೆ ಕಳಿಸಿ ಮೊಕದ್ದಮೆ ಹೂಡುತ್ತಾರೆ. ಉರ್ದು ಓದುವ ನಮ್ಮ ಬೀರಲಿಂಗಪ್ಪ ಮಾಸ್ತರರು ಹೋಗಿ ತಿಳಿದುಕೊಂಡು ಬಂದ ಸುದ್ದಿ ಇದು.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಅಟ್ಟದ ಮೇಲಿದ್ದ ಭಾವನವರ ತಗಡಿನ ಪೆಟ್ಟಿಗೆಯನ್ನು ಸುಟ್ಟುಬಿಡು ಎಂದು ಈ ಬೇಸಿಗೆಯಲ್ಲಿ ನೀವು ಹೇಳಿಕಳಿಸಿದ್ದಿರಿ. ಸುಟ್ಟೆ ಎಂದು ನಾನು ಹೇಳಿಕಳಿಸಿದ್ದೆ. ಅದು ಸುಳ್ಳು. ಆ ದಿನ ಓಣಿಯವರೆಲ್ಲ ನೋಡುವಂತೆ ಹಿತ್ತಲಲ್ಲಿ ಹೊಗೆ ಎಬ್ಬಿಸಿದ್ದು ನಿಜ, ಆದರೆ ಉರಿದದ್ದು ನೀವು ಕಟ್ಟುಕಟ್ಟಿ ಇಟ್ಟಿದ್ದ ಹಳೆಯ ವರ್ತಮಾನ ಪತ್ರಿಕೆಗಳು. ಏನಾದರೂ ಸುಡಲೇಬೇಕಿತ್ತಲ್ಲ, ಕೈಗೆ ಅವೇ ಸಿಕ್ಕವು. ಬಂದ ಮೇಲೆ ಬೈಯಿರಿ, ತಲೆ ಬಗ್ಗಿಸಿ ಕೇಳುತ್ತೇನೆ.

ಅದಕ್ಕೂ ಮುಂಚೆ, ಈ ವರ್ಷ ಸುಗ್ಗಿ ಮುಗಿದಾಗ, ಭಾವನವರು ನಾಲ್ಕು ದಿನದ ರಜೆಯಲ್ಲಿ ಬಂದಿದ್ದರು. ಇದನ್ನೂ ನಿಮಗೆ ತಿಳಿಸಿರಲಿಲ್ಲ. ಪೆಟ್ಟಿಗೆಗೆ ಇನ್ನಷ್ಟು ಕಾಗದ ಸೇರಿಸಿದರು. ನಾನು ಈ ಮನೆಗೆ ಬಂದು ಹನ್ನೆರಡು ವರ್ಷ, ಅವರು ನನ್ನೊಡನೆ ನೇರವಾಗಿ ಒಂದು ಮಾತೂ ಆಡಿದವರಲ್ಲ. ಏನಿದ್ದರೂ ನಿಮ್ಮವ್ವನ ಮುಂದೆ ಹೇಳುವರು, ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುವೆ. ಅಂದು ಮಾತ್ರ ಅಡಿಗೆಮನೆಯ ಹೊಸ್ತಿಲ ಹತ್ತಿರ ಪೆಟ್ಟಿಗೆ ಇಟ್ಟು, ಗೋಡೆಯ ಕಡೆ ಮುಖ ಮಾಡಿ, "ತಂಗಿ, ಇದನ್ನ ಜ್ವಾಕಿ ಇಡವ್ವ. ನಾ ಜೀವಂತ ಬಂದದ್ದು ಇದರಾಗ ಅದ" ಎಂದರು. ಅಷ್ಟು ಹೇಳಿದವರ ಕಾಗದಕ್ಕೆ ನಾನು ಹೇಗೆ ಕಡ್ಡಿ ಗೀರಲಿ, ನೀವೇ ಹೇಳಿರಿ.

ಜ್ವಾಕಿ ಇಡುವುದೆಂದರೆ ನನಗೆ ತಿಳಿದದ್ದು ಬೀಜ ಇಡುವ ರೀತಿ ಒಂದೇ. ಪೆಟ್ಟಿಗೆಯ ತುಂಬ ಒಣಗಿದ ಬೇವಿನ ಎಲೆ ಹಾಕಿದೆ, ಮೇಣದ ಬಟ್ಟೆ ಸುತ್ತಿದೆ, ಸಂದುಗಳಿಗೆ ಬೂದಿ ತುಂಬಿ ಸೆಗಣಿ ಮೆತ್ತಿದೆ. ಆಗ ನಿಮ್ಮವ್ವ ಧಾನ್ಯ ವಸೂಲಿಗೆ ಬರುವ ಲೆವಿಯವರ ಕಣ್ಣು ತಪ್ಪಿಸಿ ಅಂಗಳದ ನೆಲದೊಳಗಿನ ಹಗೇವಿಗೆ ಜೋಳ ಸುರಿಸುತ್ತಿದ್ದರು. ಪೆಟ್ಟಿಗೆಯನ್ನೂ ಅದರೊಳಗೆ ಇಳಿಸಿ, ಮೇಲೆ ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಹಾಕಿ ಸಾರಿಸಿ, ಅದರ ಮೇಲೆಯೇ ಎಮ್ಮೆ ಕಟ್ಟಿದೆವು. ಬುದ್ಧಿವಂತಿಕೆ ಮಾಡಿದೆವೆಂದು ಅತ್ತೆ ಸೊಸೆ ಇಬ್ಬರೂ ಬಹಳ ಹಿಗ್ಗಿದೆವು. ಪೆಟ್ಟಿಗೆ ಬೇಕಾದರೆ ಹಗೇವು ತೆರೆಯಬೇಕಾಗುತ್ತದೆ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ತೆರೆದರೆ ಏನು ಕಷ್ಟ ಎನ್ನುತ್ತೀರಾ? ನಿಮ್ಮವ್ವ ವರ್ಷವಿಡೀ ಹಗೇವು ಖಾಲಿ ಎಂದು ಊರಿಗೆಲ್ಲ ಸಾರಿದ್ದರು. ಸಾರಿದ್ದಷ್ಟೇ ಅಲ್ಲ, ಜನ ನಂಬಲಿ ಎಂದು ಎದುರುಮನೆಯ ಬಳೆಗಾರ್ತಿ ಪ್ಯಾರಿಬಿಯ ಹತ್ತಿರ ಬುಟ್ಟಿ ಹಿಡಿದು ಹೋಗಿ ಜೋಳ ಕಡ ತಂದಿದ್ದರು, ಒಮ್ಮೆಯಲ್ಲ, ಮೂರು ಸಲ! ಪ್ಯಾರಿಬಿ ತನ್ನ ಮನೆಯಲ್ಲಿ ಇಲ್ಲದಿದ್ದರೂ ಕೊಟ್ಟಳು. ಸಪ್ಟಂಬರದ ಗದ್ದಲದಲ್ಲಿ ಅವಳ ಗಂಡ ಕಾಣದಾದಾಗಲೂ ನಾವು ಹಗೇವು ತೆರೆಯಲಿಲ್ಲ. ಅವನು ಜೇವರ್ಗಿಯಲ್ಲಿ ಅವನ ಅಣ್ಣನ ಮನೆಯಲ್ಲಿ ಸುಖವಾಗಿದ್ದಾನೆಂದು ಈಚೆಗೆ ಸುದ್ದಿ ಬಂತು. ಆದರೆ ಆ ಒಂದು ತಿಂಗಳು ಅವಳು ಮಕ್ಕಳಿಗೆ ಅಂಬಲಿ ಕುಡಿಸಿ ಮಲಗಿಸಿದ್ದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಮಾಸ್ತರರು ಸುದ್ದಿ ತಂದ ದಿನ ನಿಮ್ಮವ್ವ ಬಹಳ ಹೊತ್ತು ಎಮ್ಮೆಯ ಹತ್ತಿರ ಕುಳಿತಿದ್ದರು. ಆಮೇಲೆ ಎದ್ದು ತಾವೇ ಎಮ್ಮೆ ಬಿಚ್ಚಿ ಬೇರೆ ಕಡೆ ಕಟ್ಟಿದರು. "ಮರ್ಯಾದಿ ಹೋದ್ರ ಹೋಗ್ಲಿ, ಮಗ ಬರ್ಲಿ. ಸೈದಪ್ಪನ್ನ ಕರೀ ಬೇ" ಎಂದರು.

ಹೊಲದ ಆಳು ಸೈದಪ್ಪ ಬಂದು ಚಪ್ಪಡಿ ಸರಿಸಿದ. ಹಗೇವಿನ ಜೋಳದ ವಾಸನೆ ನಿಮಗೆ ಹೇಳಬೇಕೇ? ಅರ್ಧ ಗಳಿಗೆಯಲ್ಲಿ ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಕಂದೀಲು ಇಳಿಬಿಟ್ಟರೆ ಮೊದಲ ಸಲ ಆರಿಹೋಯಿತು. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕಾಯಿತು, ನಾವು ಕಾದಷ್ಟೂ ನೋಡುವವರು ಹೆಚ್ಚಿದರು. ಕೊನೆಗೆ ದೀಪ ನಿಂತಿತು, ಸೈದಪ್ಪ ಇಳಿದ, ಬುಟ್ಟಿಬುಟ್ಟಿ ಜೋಳ ಮೇಲೆ ಬಂತು. ಅಂಗಳದಲ್ಲಿ ರಾಶಿ ಬಿತ್ತು. ಎಲ್ಲರ ಮುಂದೆ ಪ್ಯಾರಿಬಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಏನ್ರಿ ನಿಂಬೆವ್ವಕ್ಕಾ, ನಮ್ಮ ಜ್ವಾಳಾ ತಿಂದು ನಿಮ್ಮ ಜ್ವಾಳಾ ಉಳಿಸೀರಿ?" ಎಂದು ಕೇಳಿದಳು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ನಿಮ್ಮವ್ವ ಏನು ಹೇಳಿದರು ಗೊತ್ತೇ? "ಹೌದ ಬೇ, ಸುಳ್ಳ ಹೇಳೇನಿ. ಬಾ, ಉಡಿ ಒಡ್ಡು." ಪ್ಯಾರಿಬಿ ನಗುವುದಕ್ಕೆ ಹತ್ತಿದಳು ನೋಡಿರಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳು ನಕ್ಕದ್ದರಿಂದ ಓಣಿಯೂ ನಕ್ಕಿತು.

ಉಡಿ ಒಡ್ಡಿದವರಿಗೆಲ್ಲ ನಿಮ್ಮವ್ವ ತಾವೇ ಮೊರದಲ್ಲಿ ಹಾಕಿದರು. ನಮಗೆ ಮುಂದಿನ ಸುಗ್ಗಿಯ ತನಕ ಆಗುವಷ್ಟು ಉಳಿದಿದೆ, ಚಿಂತೆ ಮಾಡಬೇಡಿರಿ. ಜೋಳ ಬೀಸುವ ಕಲ್ಲಿನ ಸದ್ದು ಈಗ ನಸುಕಿನಲ್ಲಿ ಎಲ್ಲ ಮನೆಗಳಿಂದಲೂ ಕೇಳುತ್ತದೆ. ಅದನ್ನು ಕೇಳುತ್ತ ಹಾಸಿಗೆಯಲ್ಲಿ ಇನ್ನೊಂದು ಗಳಿಗೆ ಬಿದ್ದುಕೊಳ್ಳುವುದು ನನಗೆ ಬಹಳ ಹಿತವಾಗಿದೆ.

ಪೆಟ್ಟಿಗೆ ತಳದಲ್ಲಿತ್ತು. ಕಾಗದದ ಅಂಚು ಹಳದಿಯಾಗಿದೆ, ವಾಸನೆ ಹಿಡಿದಿದೆ, ಆದರೆ ಒಂದಕ್ಕೂ ಹುಳ ಬಿದ್ದಿಲ್ಲ. ಮಾಸ್ತರರು ಪಡಸಾಲೆಯಲ್ಲಿ ಕುಳಿತು ಒಂದೊಂದೇ ಓದಿ ಕನ್ನಡದಲ್ಲಿ ಹೇಳಿದರು. ಪಗಾರದ ಪುಸ್ತಕ, ಬಡತಿಯ ಹುಕುಂ, ಮಲಾಯಾಕ್ಕೆ ಹಡಗು ಹತ್ತಿಸಿದ ಚೀಟಿ. ಜಪಾನಿನವರ ಸೆರೆಯಲ್ಲಿದ್ದಾಗ ಬರೆದ ಒಂದು ಸಣ್ಣ ವಹಿ ಇತ್ತು. ಯುದ್ಧದ ಮಾತು ಇರಬಹುದೆಂದು ನಾವು ಉಸಿರು ಹಿಡಿದು ಕುಳಿತರೆ, ಅದರ ತುಂಬ ಊಟದ ಮಾತು. ಸೋಮವಾರ ಪುಂಡಿಪಲ್ಲೆ, ಖಡಕ್ ರೊಟ್ಟಿ. ಮಂಗಳವಾರ ಶೇಂಗಾ ಹಿಂಡಿ, ಎಮ್ಮೆಯ ಮೊಸರು. ಹೀಗೆ ಮೂರೂವರೆ ವರ್ಷ ಹಸಿದ ಹೊಟ್ಟೆಯಲ್ಲಿ ಮನೆಯ ಅಡಿಗೆ ಬರೆದುಕೊಂಡಿದ್ದಾರೆ. ಒಂದು ಕಡೆ "ಇವತ್ತಿನ ಹೋಳಿಗಿ ತಮ್ಮಗ ಬಿಟ್ಟೇನಿ" ಎಂದು ಬರೆದಿದೆ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ನಿಮ್ಮವ್ವ ಒಳಗೆ ಎದ್ದುಹೋದರು.

ಎಲ್ಲಕ್ಕಿಂತ ಮೇಲೆ ಇದ್ದದ್ದು ಹೋದ ವರ್ಷದ ಕಾಗದ. ಇದನ್ನು ನಿಧಾನವಾಗಿ ಓದಿರಿ. ನೀವು ಗಡಿ ದಾಟಿದ ಮೇಲೆ, "ನಾಕಾದ ಸಿಪಾಯಿಗಳು ಗೊರಕೆ ಹೊಡೀತಿದ್ರು, ಅವರ ಮೂಗಿನ ಕೆಳಗ ದಾಟೇನಿ" ಎಂದು ಜಂಬದಿಂದ ಹೇಳಿಕಳಿಸಿದ್ದಿರಲ್ಲ? ಆ ನಾಕಾದ ಮೇಲೆ ಆಗ ಯಾರ ಪಹರೆ ಇತ್ತೆಂದು ನಿಮಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಜಮಾದಾರ ದೌಲತರಾಯರದು. ನಿಮ್ಮ ಹೆಸರು, ಊರು, ನೀವು ತೊಟ್ಟ ಅಂಗಿಯ ಬಣ್ಣ ಸಹಿತ ಬರೆದು, ಹಿಡಿದು ಕಳಿಸಬೇಕೆಂದು ಅವರಿಗೆ ಹುಕುಂ ಬಂದಿತ್ತು. ಅದರ ಕೆಳಗೆ ಅವರು ಕೊಟ್ಟ ಜವಾಬು: "ಇಂಥ ಮನುಷ್ಯ ಈ ದಾರಿಯಲ್ಲಿ ಬಂದಿಲ್ಲ." ನೀವು ದಾಟಿದ ಮರುದಿನದ ತಾರೀಖು. ಸಿಪಾಯಿಗಳು ತಾವಾಗಿ ಮಲಗಿದ್ದಲ್ಲ, ಯಾರೋ ಮಲಗಿಸಿದ್ದು.

ಇದು ಗೊತ್ತಾದ ಮೇಲೂ ಮನಸ್ಸು ಕಲ್ಲಾಗಿದ್ದರೆ ನಾನು ಹೇಳುವುದೇನೂ ಇಲ್ಲ. ಇಲ್ಲವಾದರೆ ಜಾಮೀನಿನ ಎರಡು ಹಾಳೆ ಇದರೊಡನೆ ಇಟ್ಟಿದ್ದೇನೆ, ಸಹಿ ಮಾಡಿ ಬುಧವಾರದೊಳಗೆ ತಲುಪಿಸಿರಿ. ಈ ಸೀಮೆಯಲ್ಲಿ ನಿಮ್ಮ ಸಹಿಗೆ ಇರುವ ಬೆಲೆ ಬೇರೆಯವರದಕ್ಕಿಲ್ಲ.

ಬೈಯಿಸಿಕೊಳ್ಳುವುದಕ್ಕೆ ಸಿದ್ಧಳಾಗಿ, ದಾರಿ ನೋಡುತ್ತ ಕುಳಿತಿರುವ
ನಿಮ್ಮ ಮನೆಯಾಕೆ
ಸುಂದರಬಾಯಿ

ತಾ.ಕ. (ಶನಿವಾರ, ೪ ಡಿಸೆಂಬರ್): ಮೇಲಿನ ಪತ್ರ ಈ ತನಕ ನನ್ನ ಹತ್ತಿರವೇ ಇತ್ತು. ಸೋಮವಾರ ಚಂದಪ್ಪನ ಬಂಡಿ ಅಫಜಲಪುರಕ್ಕೆ ಹೊರಟಾಗ ಲಕೋಟೆ ಹಿಡಿದು ಬಾಗಿಲಿಗೆ ಬಂದೆ, ಕೊಡುವ ಧೈರ್ಯವಾಗಲಿಲ್ಲ. ನೀವು ಒಲ್ಲೆ ಎಂದುಬಿಟ್ಟರೆ ಆಮೇಲೆ ನಾನು ಮಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ನೀವು ಒಲ್ಲೆ ಎನ್ನುವ ಮುಂಚೆಯೇ ಸಹಿ ನಾನು ಹಾಕಿದೆ. ನನಗೆ ಅಕ್ಷರ ಕಲಿಸಿದವರು ನೀವು, ನನ್ನ ಕೈಬರಹವೂ ನಿಮ್ಮದೇ. ಮದುವೆಯ ದಿನ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ನಿಮ್ಮ ಹೆಸರನ್ನು ನಾನು ಬಾಯಿಂದ ಎತ್ತಿದವಳಲ್ಲ. ಬಾಗಿಲು ಮುಂದೆ ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಎರಡೂ ಹಾಳೆಗಳ ಮೇಲೆ ಬರೆದೆ: ಗುರಣ್ಣ. ತಪ್ಪು ಮಾಡುತ್ತಿದ್ದೇನೆಂದು ಗೊತ್ತಿತ್ತು, ಆದರೂ ಬರೆಯುವಾಗ ಸಂತೋಷವೇ ಆಯಿತು. ಕಾಗದಪತ್ರದೊಡನೆ ಅವನ್ನು ಕಲಬುರ್ಗಿಗೆ ಒಯ್ದು ಕೊಟ್ಟ ಮಾಸ್ತರರಿಗೂ ತಿಳಿಸಿಲ್ಲ.

ಭಾವನವರು ನಿನ್ನೆ ಸಂಜೆ ಮನೆಗೆ ಬಂದರು. ಬಹಳ ಸೊರಗಿದ್ದಾರೆ. ಕಚೇರಿಯವರು ಒಂದು ಹಾಳೆ ಇಟ್ಟುಕೊಂಡು, ಇನ್ನೊಂದಕ್ಕೆ ಮೊಹರು ಒತ್ತಿ ಇವರ ಕೈಗೆ ಕೊಟ್ಟಿದ್ದಾರೆ. ಮುಂದಿನ ವಾರ ಅಲ್ಲಿಯ ಸಾಹೇಬರು ಅಫಜಲಪುರಕ್ಕೆ ಬಂದು, ಸಹಿ ನಿಮ್ಮದು ಹೌದೇ ಎಂದು ಕೇಳುತ್ತಾರಂತೆ. ಅಲ್ಲ ಎಂದರೆ ಭಾವನವರು ಮತ್ತೆ ಒಳಗೆ ಹೋಗುತ್ತಾರೆ, ಹಿಂದೆ ನಾನೂ ಹೋಗುತ್ತೇನೆ.

ಆ ಹಾಳೆಯನ್ನು ಅವರು ಪೆಟ್ಟಿಗೆಯಲ್ಲಿ ಇಟ್ಟಿಲ್ಲ, ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ. ಉಂಡು ಕೈ ತೊಳೆದ ಮೇಲೆ ತೆಗೆದು ನಿಮ್ಮವ್ವನಿಗೆ ತೋರಿಸಿ, "ಎವ್ವಾ, ಇಲ್ಲಿ ನೋಡು, ತಮ್ಮ ಸಹಿ ಮಾಡ್ಯಾನ" ಎಂದರು. ಓದಲು ಬಾರದ ನಿಮ್ಮವ್ವ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. ಇವತ್ತು ಬೆಳಿಗ್ಗೆಯೂ ಭಾವನವರು ಅಂಗಳದಲ್ಲಿ ಬಿಸಿಲಿಗೆ ಕುಳಿತು ಅದನ್ನೇ ನೋಡುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ತಲೆ ತಗ್ಗಿಸಿಕೊಂಡು ಕುಳಿತೆ. ಅದು ನಿಮ್ಮ ಸಹಿಯಲ್ಲವೆಂದು ಹೇಳುವುದು ನನ್ನಿಂದಾಗದು. ನೀವೇ ಬಂದು ಅದನ್ನು ನಿಜ ಮಾಡಿರಿ.