ಅಜ್ಜಿಯ ಮಟ್ಟ

ಶಿರಾ, ಭಾನುವಾರ

ಕಳ್ಳಂಬೆಳ್ಳದ ಹಠಮಾರಿ ದಾಸಮ್ಮಜ್ಜಿಗೆ ಮೊಮ್ಮಗಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ "ಆಯ್ತು ಬುಡು" ಎಂದು ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದ. ಅಮ್ಮ ಪೂರ್ತಿ ಓದಿ ಹೇಳುವವರೆಗೂ ಏಳಬೇಡ.

ಹೋದ ವರ್ಷ ಕಣ್ಣಿನ ತಪಾಸಣೆ ಶಿಬಿರದಲ್ಲಿ, ಬೆನ್ನು ಬಾಗಿದ ನಿನಗೆ ಕಣ್ಣಿನ ಫೋಟೋ ತೆಗೆಯುವ ಕ್ಯಾಮೆರಾ ಎಟುಕಲಿಲ್ಲ. ಎಲ್ಲರೂ ಸೇರಿ ತಲೆ ಎತ್ತಿಸಲು ಹೋದಾಗ, "ಕತ್ತು ನಾನ್ಯಾಕ್ ಎತ್ಲಿ? ಬೇಕಾದ್ರೆ ಅದೇ ಕೆಳಕ್ ಬರ್ಲಿ ಕಣಮ್ಮ" ಎಂದು ಹೊರಟೇಬಿಟ್ಟೆ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅದನ್ನೇ ಕಾಲೇಜಿನ ಪ್ರಾಜೆಕ್ಟ್ ಮಾಡಿಕೊಂಡೆ.

ಈಗ ಅದು ಕೆಳಕ್ಕೆ ಬರುತ್ತದೆ ಅಜ್ಜಿ! ಹಿಡಿ ತಿರುಗಿಸಿದರೆ ಸ್ಟ್ಯಾಂಡು ಇಳಿಯುತ್ತದೆ, ಕ್ಯಾಮೆರಾ ಮುಖ ಮೇಲೆತ್ತಿ ನೆಲದಲ್ಲಿ ಕೂತವರ ಕಣ್ಣನ್ನೂ ನೋಡುತ್ತದೆ. ಅದನ್ನು ಪರೀಕ್ಷಿಸಲು ನಿನ್ನ ಹಾಗೆ ಬಾಗಿ ಕೂತು ಕೂತು ನಮ್ಮ ಪ್ರಾಜೆಕ್ಟ್ ತಂಡದವರೆಲ್ಲರ ಕತ್ತು ಹಿಡಿದುಕೊಂಡಿದೆ. ಆದರೂ ನಿನ್ನಷ್ಟು ಬಾಗಲು ಯಾರಿಗೂ ಬರಲಿಲ್ಲ.

ಗುರುವಾರ ಡಾಕ್ಟರ ಜೊತೆ ಊರ ಶಾಲೆಗೆ ತರುತ್ತೇವೆ. ನಿನ್ನ ಸಕ್ಕರೆ ಕಾಯಿಲೆ ಕಣ್ಣಿಗೂ ಇಳಿದಿದೆಯೋ ಏನೋ, ಬೇಗ ನೋಡಿಸಬೇಕು. ಎಲೆ ಅಡಿಕೆ ಚೀಲ ಸಮೇತ ಬಾ. ಚಾಪೆ ಹಾಸಿರುತ್ತೇನೆ.

ಸ್ಟ್ಯಾಂಡಿನ ತೀರಾ ಕೆಳಗಿನ ಮಟ್ಟಕ್ಕೆ ಕೆಂಪು ಗೆರೆ ಎಳೆದು 'ಅಜ್ಜಿ' ಎಂದು ಬರೆದಿದ್ದೇವೆ. ನೀನು ಬರುವವರೆಗೂ ಅಲ್ಲಿ ಯಾರನ್ನೂ ಕೂರಿಸುವುದಿಲ್ಲ.

ನಿನ್ನ ಮಾತು ಕೇಳಿದ,
ಸಹನಾ