ಟೋಪಿಯೊಳಗಿನ ಮಣ್ಣು

ಅಮ್ಮಾ,

ಇಲ್ಲಿ ಸಂಜೆಯ ಗಾಳಿ ತಣ್ಣಗಾಗಿದೆ. ನಿನ್ನ ಮಂಡಿನೋವು ಹೇಗಿದೆ?

ನಾಳೆ ನನ್ನ ಕೊನೆಯ ಪಂದ್ಯ. ಒಬ್ಬನೇ ಬ್ಯಾಟುಗಾರನಿಗೆ ಚೆಂಡು ಎಸೆಯುತ್ತೇನೆ, ಆಮೇಲೆ ಹೂಗುಚ್ಛ ಕೊಟ್ಟು ಕಳಿಸುತ್ತಾರೆ. ಹತ್ತೊಂಬತ್ತು ವರ್ಷ ಬೇಸ್‌ಬಾಲನ್ನೇ ನಂಬಿ ಬದುಕಿದೆ. ಭುಜ ಇನ್ನು ಸಾಕೆನ್ನುತ್ತಿದೆ. ಈಚೆಗೆ ಕನಸಿನಲ್ಲಿ ನಾನೆಸೆದ ಚೆಂಡು ಕೆಳಗೆ ಬೀಳುವುದೇ ಇಲ್ಲ. ಬೆಳ್ಳಗೆ ತೇಲುತ್ತಾ ಸಮುದ್ರ ದಾಟಿ ದ್ವೀಪದಲ್ಲಿರುವ ನಮ್ಮ ಹಿತ್ತಲಿಗೆ ಹೋಗುತ್ತದೆ.

ಶಾಲಾ ತಂಡಗಳ ರಾಷ್ಟ್ರೀಯ ಪಂದ್ಯಾವಳಿ ನಡೆಯುವ ಕೋಶಿಯೆನ್ ಮೈದಾನದಲ್ಲಿ ನಮ್ಮ ಶಾಲೆಯ ತಂಡ ಸೋತ ದಿನ, ಸೋತವರೆಲ್ಲ ಮಾಡುವಂತೆ, ನಾನೂ ಅಳುತ್ತಾ ಅಲ್ಲಿನ ಮಣ್ಣನ್ನು ನೆನಪಿಗೆಂದು ಬಾಚಿ ತಂದು ಡಬ್ಬಿಯಲ್ಲಿಟ್ಟಿದ್ದೆ. ಮರುವರ್ಷ ನೀನು ಗೊತ್ತಿಲ್ಲದೆ ಅದನ್ನು ಬದನೆ ಸಸಿಗೆ ಸುರಿದುಬಿಟ್ಟೆ. ಆಮೇಲೆ ಗಾಬರಿಯಾಗಿ ಆ ಡಬ್ಬಿಗೆ ಹಿತ್ತಲ ಮಣ್ಣು ತುಂಬಿಟ್ಟು, "ಯಾರೂ ಮುಟ್ಬೇಡಿ, ಅದು ನನ್ನ ಮಗ ಯಾಸುದು!" ಎಂದು ಬಂದವರನ್ನೆಲ್ಲ ಗದರುತ್ತಿದ್ದೆ.

ಕೋಶಿಯೆನ್ ಮಣ್ಣು ಕಪ್ಪು ಅಮ್ಮಾ, ನಮ್ಮದು ಕೆಂಪು. ಡಬ್ಬಿ ತೆರೆದಾಗಲೇ ನನಗೆ ಗೊತ್ತಾಗಿತ್ತು, ಬದನೆಯ ಬುಡದಲ್ಲಿ ಕಪ್ಪು ಮಣ್ಣೂ ಕಂಡಿತ್ತು. ಆ ಬದನೆಕಾಯಿಯನ್ನು ಎರಡು ಸಲ ಬಡಿಸಿಕೊಂಡು ತಿಂದೆ, ನೆನಪಿದೆಯಾ?

ಪ್ರತಿ ಎಸೆತಕ್ಕೂ ಮುಂಚೆ ನಾನು ಟೋಪಿ ಮುಟ್ಟಿಕೊಳ್ಳುವುದನ್ನು ಕಂಡು ತಂಡದವರು, "ಕೋಶಿಯೆನ್ ಮಣ್ಣಿಗೆ ಕೈ ಮುಗೀತಿದಾನೆ ನೋಡ್ರೋ" ಎಂದು ಕಿಚಾಯಿಸುತ್ತಾರೆ. ಟೋಪಿಯೊಳಗೆ ನಾನು ಹೊಲಿದಿಟ್ಟುಕೊಂಡಿರುವುದು ಆ ಡಬ್ಬಿಯ ಕೆಂಪು ಮಣ್ಣನ್ನೇ.

ನಾಳೆಯ ಪಂದ್ಯಕ್ಕೆಂದು ಅಷ್ಟು ದೂರದಿಂದ ಬರಬೇಡ, ಮೈದಾನದಲ್ಲಿ ಮೆಟ್ಟಿಲೂ ಜಾಸ್ತಿ. ಟೀವಿಯಲ್ಲಿ ನೋಡು.

ಬುಧವಾರ ಮನೆಗೆ ಬರುತ್ತೇನೆ. ಬದನೆ ಮಡಿಯನ್ನು ನೀನು ಅಗೆಯಬೇಡ, ನನಗೆ ಬಿಡು. ಒಂದು ಚಿಟಿಕೆ ಮಣ್ಣು ವಾಪಸು ಹಾಕುವುದಿದೆ.

ನಿನ್ನ
ಯಾಸುಹಾರು