ಹೇಳದೆ ಕೇಳದೆ ಬರುವ ಗುಂಡಿಗಳು

ಮನೆಯಿಂದ, ಟಿ.ವಿ. ಎದುರಿನ ಸೋಫಾ
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಈಗ ಹೇಗಿದೆ? ಪುಟ್ಟಿಯ ಬಿಕ್ಕಳಿಕೆ ನಿಂತಿತೇ? ನಿನ್ನ ಸೊಸೆಗೆ ಒಂದಿಷ್ಟಾದರೂ ನಿದ್ದೆ ಸಿಗುತ್ತಿದೆಯೇ? ನನ್ನ ತಮ್ಮ ತನ್ನ ಮಗಳನ್ನು ಎತ್ತಿಕೊಳ್ಳುವುದು ಕಲಿತನೋ, ಅಥವಾ ಇನ್ನೂ ಅಂಗಡಿಯವನ ಗಾಜಿನ ಹೂಜಿ ಹಿಡಿದವನ ಹಾಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾನೋ? ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಅಂದರೆ ನೀನು ನಂಬುವಷ್ಟು ಸರಿಯಾಗಿ. ನಿನ್ನ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿಟ್ಟಿದ್ದೇನೆ. ಸೋಫಾದಲ್ಲಿ ನೀನು ಕೂರುವ ಜಾಗದ ತಗ್ಗು ಹಾಗೇ ಇದೆ. ಅಲ್ಲಿ ಕೂತರೆ ನಿನ್ನ ಮಡಿಲಲ್ಲಿ ಕೂತ ಹಾಗಾಗುತ್ತದೆ, ಹಾಗಾಗಿ ಅಲ್ಲೇ ಕೂತು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಅಂತ ಕೇಳಬೇಡ. ಫೋನಿನಲ್ಲಿ ನಿನಗೆ ಇಷ್ಟವಿಲ್ಲದ ಮಾತು ಬಂದ ಕೂಡಲೇ "ಮಗು ಎದ್ದಿತು, ಆಮೇಲೆ ಮಾತಾಡ್ತೀನಿ" ಅಂತ ಇಡುತ್ತೀಯ. ಮಗು ಅಷ್ಟು ಹೊತ್ತು ನೋಡಿ ಏಳುವುದನ್ನು ನಾನೆಲ್ಲೂ ಕೇಳಿಲ್ಲ. ಕಾಗದವನ್ನು ಅರ್ಧಕ್ಕೆ ಇಡುವವಳಲ್ಲ ನೀನು. ಇಂಗ್ಲಿಷ್ ಶಾಲೆಗೆ ಕಳಿಸಿದ್ದರ ಫಲ ಅಂತ ನನ್ನ ಅಕ್ಷರ ನೋಡಿ ನಗುತ್ತಲಾದರೂ ಕೊನೆಯ ತನಕ ಓದುತ್ತೀಯ.

ಮೊದಲು ನಮ್ಮ ಕೆಲಸದ ಸುದ್ದಿ. 'ನಮ್ಮ' ಅಂತಲೇ ಬರೆಯುತ್ತಿದ್ದೇನೆ, ಏಕೆಂದರೆ ವಾರಪತ್ರಿಕೆಯಲ್ಲಿ ವಿಡಿಯೊ ಗೇಮ್ ವಿಮರ್ಶೆಯ ಕೆಳಗೆ ಬರುವುದು ನನ್ನೊಬ್ಬಳ ಹೆಸರಾದರೂ ಅರ್ಧ ಕೆಲಸ ನಿನ್ನದು. ಹೊಸ ಆಟ ಬಂದ ದಿನ ಕಂಟ್ರೋಲರ್ ಮೊದಲು ನಿನ್ನ ಕೈಗೆ. ನೀನು ಆಡುವುದು, ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುವುದು. ಜೀವಮಾನವೆಲ್ಲ ಅಂಗಿ, ಲಂಗ ಹೊಲಿದವಳಿಗೆ ಅರ್ಥವಾಗುವ ಹಾಗೆ ಆಟ ತನ್ನನ್ನು ತಾನು ಹೇಳಿಕೊಳ್ಳುತ್ತದೆಯೇ ಅಂತ ನೋಡುವುದು ನಮ್ಮ ಪದ್ಧತಿ. "ಮೊದಲು ನಾನು ಬೀಳ್ತೀನಿ, ಆಮೇಲೆ ನೀನು ಬರಿ" ಅಂತ ಇದಕ್ಕೆ ನೀನೇ ನಿಯಮ ಮಾಡಿದ್ದು. ಉಳಿದ ವಿಮರ್ಶಕರು ಎಲ್ಲವನ್ನೂ ತಾವೇ ಆಡಿ ತಾವೇ ಮೆಚ್ಚುವ ಹೊತ್ತಿಗೆ, ನಮ್ಮ ಈ ಪದ್ಧತಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಈ ಸಲ ನೀನು ಹೊರಡುವ ಮುಂಚೆ ಸಾಲಾಗಿ ಮೂರು ಆಟ ಆಡಿದೆವಲ್ಲ, ನೆನಪಿದೆಯಾ? ಹುಡುಗಿಯೊಬ್ಬಳು ಕಂದೀಲು ಹಿಡಿದು ಹಾಳುಬಿದ್ದ ಗಣಿಗೆ ಇಳಿಯುವುದು ಒಂದು. ಊರಿನ ಚಾವಣಿಗಳ ಮೇಲೆ ಓಡುತ್ತಾ ಕಾಗದ ಹಂಚುವ ಅಂಚೆಯವನದು ಇನ್ನೊಂದು. ದ್ವೀಪದಲ್ಲಿ ತೋಟ ಮಾಡುವುದು ಮೂರನೆಯದು. ಮೂರರಲ್ಲೂ ನಿನ್ನದು ಒಂದೇ ದೂರು: "ನೋಡೇ, ಹೇಳದೆ ಕೇಳದೆ ಗುಂಡಿ! ಇದನ್ನ ಮಾಡಿದೋನು ನನ್ನ ಕೈಗೆ ಸಿಗಲಿ." ನಾನು ಅದನ್ನು ಅಚ್ಚುಕಟ್ಟಾದ ಮಾತುಗಳಲ್ಲಿ ಬರೆದೆ. ಕಂದೀಲಿನ ಆಟದಲ್ಲಿ ನೆರಳು ಬೆಳಕು ಸೊಗಸಾಗಿದೆ, ಆದರೆ ಅಪಾಯದ ಮುನ್ಸೂಚನೆ ಇಲ್ಲ ಅಂದೆ. ಅಂಚೆಯವನ ಆಟಕ್ಕೆ ಓಟದ ಸೊಗಸು ಗೊತ್ತು, ನೆಲದ ಮರ್ಯಾದೆ ಗೊತ್ತಿಲ್ಲ ಅಂದೆ. ತೋಟದ ಆಟದಲ್ಲಿ ಕಾಲುವೆಗಳು ಬೇಕೆಂದೇ ಕಾಲಿಗೆ ಸಿಗುತ್ತವೆ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೂರನ್ನೂ ಸೇರಿಸಿ, ಈಚಿನ ಆಟಗಳಿಗೆ ಆಟಗಾರನ ಕಾಲಡಿಯ ಬಗ್ಗೆ ಗೌರವವೇ ಇಲ್ಲ, ಬೀಳಿಸುವುದೇ ಈಗಿನ ಫ್ಯಾಷನ್ ಅಂತ ಎರಡು ಪುಟದ ಲೇಖನ ಬರೆದೆ. ಅದಕ್ಕೆ ಬಂದ ಹೊಗಳಿಕೆ ನೋಡಬೇಕಿತ್ತು. ಸಂಪಾದಕರು ಅದನ್ನು ಮುಖಪುಟಕ್ಕೆ ಹಾಕಿದರು. ನೀನು ನಿನ್ನ ಚೀಲದಲ್ಲಿ ಆ ಸಂಚಿಕೆ ತುರುಕಿಕೊಂಡು ಹೋದೆ.

ನೀನು ಹೋದ ಮೇಲೆ, ಕಂದೀಲಿನ ಆಟ ಮಾಡಿದ ತಂಡದ ಹುಡುಗಿಯೊಬ್ಬಳಿಂದ ಒಂದು ಇಮೇಲ್ ಬಂತು. ಜಗಳದ ಧಾಟಿ ಅಲ್ಲ. "ಮೇಡಂ, ಪ್ರತಿ ಗುಂಡಿಯ ಅಂಚಿಗೂ ಬಿಳಿ ಕಲ್ಲು ಇಟ್ಟಿದ್ದೇವೆ. ಆ ಕಲ್ಲು ಜೋಡಿಸಿದ್ದು ನಾನೇ. ದಯವಿಟ್ಟು ಇನ್ನೊಮ್ಮೆ ನೋಡ್ತೀರಾ?" ನಾನು ಬಿಗುವಾಗಿ ಉತ್ತರ ಕೊಟ್ಟೆ. ನಲವತ್ತು ದಾಟಿದವರು ಚಿಕ್ಕವರಿಗೆ ಕೊಡುವಂಥ, ವಿನಯದ ಹೊದಿಕೆ ಹೊದ್ದ ಉತ್ತರ. ಆದರೆ ಆ ಬಿಳಿ ಕಲ್ಲು ತಲೆಯಿಂದ ಹೋಗಲಿಲ್ಲ. ನೀನಾಡಿದ್ದೆಲ್ಲ ಆಟದ ಯಂತ್ರದಲ್ಲಿ ದಾಖಲಾಗಿರುತ್ತದಲ್ಲ, ಹಾಕಿ ನೋಡಿದೆ. ಕಲ್ಲುಗಳಿದ್ದವು, ಅಮ್ಮಾ. ಪ್ರತಿ ಗುಂಡಿಗೂ ಇದ್ದವು, ಹಲ್ಲು ಕಿರಿದ ಹಾಗೆ ಎದ್ದು ಕಾಣುತ್ತಿದ್ದವು. ಹಾಗಾದರೆ ನಾನು ಯಾಕೆ ನೋಡಲಿಲ್ಲ? ನೀನು ಆಡುವಾಗ ನಾನು ಪರದೆಗಿಂತ ಹೆಚ್ಚಾಗಿ ನಿನ್ನ ಮುಖ ನೋಡಿ ಬರೆದುಕೊಳ್ಳುತ್ತೇನೆ. ಆಮೇಲೆ ನಾನೇ ಆಡುವ ಹೊತ್ತಿಗೆ ಗುಂಡಿ ಎಲ್ಲೆಲ್ಲಿದೆ ಅಂತ ಗೊತ್ತಾಗಿಬಿಟ್ಟಿರುತ್ತದೆ. ಗೊತ್ತಿದ್ದವಳು ಬೀಳುವುದು ಹೇಗೆ, ಬೀಳದವಳು ಕಲ್ಲು ಹುಡುಕುವುದು ಯಾಕೆ?

ಉಳಿದೆರಡು ಆಟಗಳನ್ನೂ ಹಾಕಿ ನೋಡಿದೆ. ಮೇಲಿಂದ ಹಾರಿಬರುವ ಬಾವಲಿಯನ್ನು ನೀನು ಒಂದೂ ಬಿಡದೆ ಹೊಡೆದಿದ್ದೀಯ. ಎದುರಿಗೆ ಬಂದವರಿಗೆ ತಕ್ಕ ಶಾಸ್ತಿ ಮಾಡಿದ್ದೀಯ. ಆದರೆ ಪರದೆಯ ಕೆಳಗಿನಿಂದ ಬರುವುದು ಯಾವುದೂ, ಹಾವಾಗಲಿ ಹಳ್ಳವಾಗಲಿ, ನಿನ್ನ ಕಣ್ಣಿಗೆ ಬಿದ್ದಿಲ್ಲ. ಮೂರು ಬೇರೆ ಬೇರೆ ಜನ ಮಾಡಿದ ಮೂರು ಆಟಗಳಲ್ಲಿ ತಪ್ಪು ಮಾತ್ರ ಒಂದೇ ಕಡೆ. ನೀನು ಬಟ್ಟೆಯ ಅಳತೆಗೆ ಇಟ್ಟುಕೊಂಡಿದ್ದ ಕಂದು ಕಾಗದ ತೆಗೆದು ಟಿ.ವಿ.ಯ ಕೆಳಗಿನ ಭಾಗಕ್ಕೆ ಅಂಟಿಸಿದೆ. (ಬೈಯಬೇಡ, ತೋಳಿನ ಅಳತೆ ಇದ್ದದ್ದನ್ನು ಮುಟ್ಟಿಲ್ಲ.) ಅಂಟಿಸಿಕೊಂಡು ತೋಟದ ಆಟದಲ್ಲಿ ನಾನಿನ್ನೂ ಕಾಲಿಡದ ದ್ವೀಪಕ್ಕೆ ಹೋಗಿ ಆಡಿದೆ. ನಿನ್ನ ಹಾಗೆಯೇ ಬಿದ್ದೆ. ಬಿದ್ದ ಕೂಡಲೇ ನನ್ನ ಬಾಯಿಂದ ಬಂದದ್ದೂ ನಿನ್ನದೇ ಮಾತು, ಹೇಳದೆ ಕೇಳದೆ ಅಂತ.

ಈಗ ನೀನು ಏನನ್ನುತ್ತೀಯ ಅಂತ ಗೊತ್ತು. "ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸ್ತೀನಿ, ನನ್ನ ಕಣ್ಣಿಗೇನು ಧಾಡಿ?" ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಆಫೀಸಿನ ಹಿಂದಿನ ಬೀದಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆ. "ಪೇಷೆಂಟ್ ಎಲ್ಲಿ?" ಅಂದರು. ಪೇಷೆಂಟ್ ಮೊಮ್ಮಗಳನ್ನು ನೋಡಿಕೊಳ್ಳಲು ಹೋಗಿದ್ದಾರೆ, ಅವರು ಆಡಿದ ಆಟ ತಂದಿದ್ದೇನೆ ಅಂತ ಫೋನ್ ಮುಂದೆ ಹಿಡಿದೆ. ಆಕೆ ಜೋರಾಗಿ ನಕ್ಕರು. ಎರಡನೆಯ ಆಟ ನೋಡುವ ಹೊತ್ತಿಗೆ ನಗು ನಿಲ್ಲಿಸಿ ಕುರ್ಚಿ ಹತ್ತಿರ ಎಳೆದುಕೊಂಡರು. ಹೊಸ್ತಿಲು ಎಡವುತ್ತಾರಾ, ಮೆಟ್ಟಿಲು ಇಳಿಯುವಾಗ ಕಾಲಲ್ಲಿ ತಡವುತ್ತಾರಾ, ಮೊಣಕಾಲ ಕೆಳಗೆ ಪೆಟ್ಟು ಮಾಡಿಕೊಳ್ಳುತ್ತಾರಾ ಅಂತ ಕೇಳಿದರು. ನನಗೆ ನಮ್ಮ ಅಡುಗೆಮನೆಯ ಕುಳ್ಳ ಸ್ಟೂಲು ನೆನಪಾಯಿತು. "ಇದನ್ನ ಯಾರೇ ಇಲ್ಲಿಟ್ಟಿದ್ದು?" ಅಂತ ನೀನು ಅದನ್ನು ಎಷ್ಟು ಸಲ ಬೈದಿದ್ದೀಯ! ಅಪ್ಪ ಇದ್ದಾಗಿನಿಂದ ಆ ಸ್ಟೂಲು ಅಲ್ಲೇ ಇದೆ, ಅಮ್ಮಾ. ಸ್ಟೂಲನ್ನು ಬೈದ ಹಾಗೆಯೇ ನಾವು ಆಟಗಳನ್ನೂ ಬೈದೆವು. ನೋಡದೆ ಯಾವ ಕಾಯಿಲೆಯ ಹೆಸರನ್ನೂ ಹೇಳುವುದಿಲ್ಲ ಅಂದರು ಡಾಕ್ಟರು. ಆದರೆ ಸೂಜಿ ಪೋಣಿಸುವುದು, ಕಾಗದ ಓದುವುದು ಎಲ್ಲ ನೋಟದ ನಡುಭಾಗದ ಕೆಲಸವಂತೆ. ನಡು ಗಟ್ಟಿಯಾಗಿದ್ದು ಅಂಚು ಮಾತ್ರ ಸವೆಯಬಹುದಂತೆ, ನೋವಿಲ್ಲದೆ, ಸವೆದವರಿಗೇ ತಿಳಿಯದೆ. ಹೋದದ್ದು ಬಹುಶಃ ವಾಪಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ತಡ ಮಾಡಬೇಡಿ ಅಂದರು. ಅವರು ಹೇಳಿದ್ದಕ್ಕೆ ನಾನೇನೂ ಸೇರಿಸಿಲ್ಲ, ಏನೂ ಬಿಟ್ಟಿಲ್ಲ.

ಇಷ್ಟಾದ ಮೇಲೆ ವಿಮರ್ಶೆಯ ವಿಷಯ. ಮೂರೂ ಆಟಗಳನ್ನು ಮೊದಲಿನಿಂದ, ಒಬ್ಬಳೇ, ಕಾಗದ ತೆಗೆದು ಆಡಿ ಮುಗಿಸಿದೆ. ಕಂದೀಲಿನ ಆಟಕ್ಕೂ ತೋಟದ ಆಟಕ್ಕೂ ನಾನು ಅನ್ಯಾಯ ಮಾಡಿದ್ದೇನೆ. ಕಂದೀಲಿನದರ ಕಥೆ ಕೊನೆಯಲ್ಲಿ ರಬ್ಬರಿನ ಹಾಗೆ ಹಿಗ್ಗುತ್ತದೆ ಅಂತಲೂ ಬರೆದಿದ್ದೆ, ಆ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಆ ಹುಡುಗಿ ಜೋಡಿಸಿದ ಕಲ್ಲುಗಳು ನಿಜವಾಗಿಯೂ ಚಂದ. ಕತ್ತಲಲ್ಲಿ ಬರುವವರ ಬಗ್ಗೆ ಕಾಳಜಿ ಇದ್ದವಳ ಕೆಲಸ ಅದು. ಅಂಚೆಯವನ ಆಟದಲ್ಲಿ ಮಾತ್ರ ನಿನ್ನ ದೂರು ಸರಿ. ಗುಂಡಿಯ ಎಚ್ಚರಿಕೆ ಕೊಡಲು ಪರದೆಯ ಕೆಳಗೆ ಬರುವ ಅಕ್ಷರ ನನಗೂ ಕಾಣಿಸಲಿಲ್ಲ, ಅಷ್ಟು ಪುಟಾಣಿ, ಅದೂ ಬೂದು ಚಾವಣಿಯ ಮೇಲೆ ಬೂದು ಬಣ್ಣದಲ್ಲಿ. ಅದು ನಿನ್ನ ಕಣ್ಣಿನದಲ್ಲ, ಅವರದೇ ತಪ್ಪು. ಅದನ್ನು ಇನ್ನಷ್ಟು ಖಾರವಾಗಿ ಬರೆದಿದ್ದೇನೆ. ತಿದ್ದುಪಡಿ ಹಾಕಿ ಅಂದಾಗ ಸಂಪಾದಕರು ತಲೆ ಮೇಲೆ ಕೈಹೊತ್ತರು. "ವಿಮರ್ಶೆ ಅಂದ್ರೆ ಅಭಿಪ್ರಾಯ ಕಣಮ್ಮಾ, ಅಭಿಪ್ರಾಯಕ್ಕೆ ಯಾರಾದ್ರೂ ತಿದ್ದುಪಡಿ ಹಾಕ್ತಾರಾ? ಬರೋ ವಾರ ಹೊಸ ಆಟ ಬರುತ್ತೆ, ಜನ ಮರೀತಾರೆ." ಮರೆಯಲಿ, ಆದರೆ ಮೊದಲು ಓದಲಿ ಅಂದೆ. ಮುಖಪುಟದಲ್ಲಿ ಬಂದ ಲೇಖನಕ್ಕೆ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಸಾಲದು, ಅಷ್ಟೇ ಜಾಗ ಕೊಡದಿದ್ದರೆ ನನ್ನ ಅಂಕಣ ಬೇರೆಯವರಿಗೆ ಕೊಡಿ ಅಂತಲೂ ಅಂದೆ. ಕೊನೆಗೆ ಒಪ್ಪಿದರು. ಆಟಗಾರರೊಬ್ಬರು ಬಿದ್ದದ್ದನ್ನು ಆಟದ ದೋಷ ಅಂತ ತಿಳಿದೆ, ನನ್ನ ಕಣ್ಣಲ್ಲಿ ಪರೀಕ್ಷಿಸಲಿಲ್ಲ ಅಂತ ಬರೆದಿದ್ದೇನೆ. ನಿನ್ನ ಸುದ್ದಿ ಒಂದಕ್ಷರವೂ ಇಲ್ಲ. ಅದು ನಿನ್ನದು, ಹೇಳುವುದಿದ್ದರೆ ನೀನೇ ಹೇಳಬೇಕು. ಕಲ್ಲಿನ ಹುಡುಗಿಗೂ ಬರೆದೆ, ಈ ಸಲ ಹೊದಿಕೆ ಇಲ್ಲದೆ.

ಒಂದು ಮಾತು ಕೇಳಲೇ? ಇಬ್ಬರೂ ಸೇರಿ ಆಡುವ ಆಟಗಳಲ್ಲಿ ಮೊದಲೆಲ್ಲ "ದೊಡ್ಡೋಳು ನಾನು, ಮುಂದೆ ನಾನು" ಅಂತ ಓಡುತ್ತಿದ್ದವಳು, ಈಚೆಗೆ "ನೀನು ಮುಂದೆ ಹೋಗು, ನಾನು ನಿನ್ನ ಬೆನ್ನು ನೋಡ್ಕೊಂಡು ಬರ್ತೀನಿ" ಅನ್ನುತ್ತಿದ್ದೆ. ವಯಸ್ಸಾಯಿತು, ಮಗಳಿಗೆ ಬಿಟ್ಟುಕೊಡುತ್ತಿದ್ದಾಳೆ ಅಂತ ನಾನು ಒಳಗೇ ಉಬ್ಬಿದ್ದೆ. ನಿನಗೆ ಏನಾದರೂ ಗೊತ್ತಿತ್ತಾ? ಗೊತ್ತಿದ್ದು ಸುಮ್ಮನಿದ್ದೆಯಾ, ಅಥವಾ ನಿನ್ನ ಕಾಲೇ ನಿನಗೆ ಹೇಳದೆ ಹೀಗೊಂದು ಉಪಾಯ ಹುಡುಕಿಕೊಂಡಿತಾ? ಉತ್ತರ ಕೊಡಲೇಬೇಕೆಂದಿಲ್ಲ. ಆದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಅದರಲ್ಲಿ ಚೌಕಾಶಿ ಇಲ್ಲ. ಅಲ್ಲಿಯೇ ತೋರಿಸಿಕೊಳ್ಳುತ್ತೀಯೋ, ತಮ್ಮನ ಜೊತೆಗೆ ಹೋಗುತ್ತೀಯೋ, ನಾನು ಬರಲೋ, ಅಷ್ಟು ಮಾತ್ರ ನಿನ್ನಿಷ್ಟ.

ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ಸೊಸೆಗೆ ಹೊಟ್ಟೆತುಂಬ ಊಟ ಮಾಡಲು, ತಮ್ಮನಿಗೆ ಉಸಿರಾಡಲು ಹೇಳು. ಇಲ್ಲಿ ನಿನ್ನ ಗಿಡಗಳು ನೀರು ಕುಡಿದು ಸುಖವಾಗಿವೆ.

ನೀನು ಬಿದ್ದಲ್ಲೆಲ್ಲ ಬರೆದುಕೊಂಡು ಬಂದ
ನಿನ್ನ ಮಗಳು

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಸರಿಯಾಗಿ ತಮ್ಮ ಒಂದು ಫೋಟೊ ಕಳಿಸಿದ. ಬೆಳಗಿನ ಬಿಸಿಲಿಗೆ ಅಂತ ನೀನು ಪುಟ್ಟಿಯನ್ನು ಎತ್ತಿಕೊಂಡು ಅವನ ಮನೆಯ ಹೊರಗಿನ ಮೆಟ್ಟಿಲು ಇಳಿಯುತ್ತಿದ್ದೀಯ. "ದಿನಾ ಇದೇ ಅಮ್ಮನ ಡ್ಯೂಟಿ" ಅಂತ ಕೆಳಗೆ ಬರೆದಿದ್ದಾನೆ. ನಿನ್ನ ಮುಖ ಎಷ್ಟು ಚಂದ ಇದೆ. ಆದರೆ ಒಂದು ಕಾಲು ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತಿದೆ, ಎರಡೂ ಕೈ ಮಗುವಿನ ಸುತ್ತ ಇವೆ, ಕಂಬಿ ಹಿಡಿಯಲು ಕೈಯಿಲ್ಲ. ಅಮ್ಮಾ, ಮೇಲೆ ಬರೆದದ್ದನ್ನೆಲ್ಲ ಬೇಕಿದ್ದರೆ ಮರೆತುಬಿಡು, ಇದೊಂದನ್ನು ಕೇಳು: ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಬೇಡ. ಹತ್ತಲೂ ಬೇಡ. ಸೊಸೆಗೆ ಈಗಷ್ಟೇ ಫೋನ್ ಮಾಡಿ, ನಾನು ಬರುವ ತನಕ ಬಿಸಿಲು ಕಿಟಕಿಯಲ್ಲೇ ಸಾಕು ಅಂತ ಹೇಳಿದೆ. ಯಾಕಕ್ಕಾ ಅಂದಳು. ನಾಳೆ ಕಾಗದ ಬಂದ ಮೇಲೆ ನಿನ್ನ ಅತ್ತೆಯನ್ನೇ ಕೇಳು ಅಂದೆ. ನಿನ್ನಿಷ್ಟ ಅಂತ ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕಿಕೊಂಡು ಓದು. ಈ ಕಾಗದ ನಾಳೆ ಕೊರಿಯರಿನಲ್ಲಿ ಬರುತ್ತದೆ, ನಾನು ನಾಡಿದ್ದು ಬರುತ್ತೇನೆ, ಆಚೆ ದಿನ ಡಾಕ್ಟರು. ಡಾಕ್ಟರ ಹತ್ತಿರ ಹೊರಡುವಾಗ ಬಾಗಿಲಲ್ಲೇ ಬೈದುಕೋ, ಪರವಾಗಿಲ್ಲ, ಆದರೆ ಚಪ್ಪಲಿ ಹಾಕಿಕೊಂಡು ಬೈಯಿ. ಮೆಟ್ಟಿಲಿನಲ್ಲಿ ನಾನು ನಿನಗಿಂತ ಒಂದು ಮೆಟ್ಟಿಲು ಕೆಳಗಿರುತ್ತೇನೆ, ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ಬಾ. ನಿಯಮ ಬದಲಾಯಿಸಿದ್ದೇನೆ: ಇನ್ನು ಮೇಲೆ ಮೊದಲು ಬೀಳುವುದು ನಾನು.